ಕಳಚಿ ಕೂರಿಸುವ ಕೀಪ್ಯಾಡ್ ಮತ್ತು ಪರೀಕ್ಷೆಯ ನಿಯಮ: ಟಿಐ-ಎನ್‌ಸ್ಪೈರ್ ಕುರಿತು ಒಂದು ಟಿಪ್ಪಣಿ

2007ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಟಿಐ-ಎನ್‌ಸ್ಪೈರ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಎರಡು ಕೀಪ್ಯಾಡ್‌ಗಳಿದ್ದವು. ಒಂದು ಆ ಯಂತ್ರದ್ದೇ ಆದದ್ದು. ಇನ್ನೊಂದು ಅದೇ ಕಂಪನಿಯ ಹಳೆಯ ಮಾದರಿಯಾದ ಟಿಐ-84 ಪ್ಲಸ್‌ನ ಕೀಲಿಗಳನ್ನು ಹಾಗೆಯೇ ಹೊತ್ತದ್ದು. ಮೊದಲನೆಯದನ್ನು ಕಳಚಿ ಎರಡನೆಯದನ್ನು ಕೂರಿಸಿದರೆ ಯಂತ್ರ ತನ್ನ ಹೊಸ ಮೆನು, ಕಡತ, ಪುಟಗಳನ್ನೆಲ್ಲ ಬದಿಗಿಟ್ಟು ಟಿಐ-84 ಪ್ಲಸ್ ಆಗಿಯೇ ಕೆಲಸ ಶುರುಮಾಡುತ್ತಿತ್ತು. ಪರದೆಯುಳ್ಳ ಉಪಕರಣಗಳಲ್ಲಿ ಬಿಡಿ ಕೀಪ್ಯಾಡ್ ಅಪರೂಪವಲ್ಲ. ಕಾರ್ಖಾನೆಗಳ ಮೋಟಾರ್ ಡ್ರೈವ್‌ಗಳಲ್ಲೂ ಸರ್ವೆ ಉಪಕರಣಗಳಲ್ಲೂ ಅದು ಉಂಟು. ಆದರೆ ಅಲ್ಲೆಲ್ಲ ಕೀಪ್ಯಾಡ್ ಕಳಚಿದರೂ ಉಪಕರಣ ಅದೇ ಉಪಕರಣವಾಗಿ ಉಳಿಯುತ್ತದೆ. ಇಲ್ಲಿ ಕೀಪ್ಯಾಡ್ ಬದಲಾದರೆ ಯಂತ್ರವೇ ಬೇರೆಯಾಗುತ್ತದೆ.

ಹೀಗೇಕೆ ಮಾಡಿದರು? ಹಳೆಯ ಮಾದರಿಗೆ ಒಗ್ಗಿದವರಿಗೆ ಹೊಸದು ತೊಡಕಾಗದಿರಲಿ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಉಳಿದರ್ಧ ಅಮೆರಿಕದ ಪರೀಕ್ಷಾ ಕೊಠಡಿಯಲ್ಲಿದೆ. ಒಂದು ಕ್ಯಾಲ್ಕುಲೇಟರ್ ಯಾವುದು, ಅದನ್ನು ಒಳಗೆ ಬಿಡಬಹುದೇ ಎಂಬುದನ್ನು ಆ ಪರೀಕ್ಷೆಗಳ ನಿಯಮಗಳು ಬಹುಮಟ್ಟಿಗೆ ಕೀಪ್ಯಾಡ್ ನೋಡಿಯೇ ತೀರ್ಮಾನಿಸುತ್ತ ಬಂದಿವೆ. ಕಳಚಿ ಕೂರಿಸುವ ಕೀಪ್ಯಾಡನ್ನು ಆ ಚರಿತ್ರೆಯೊಳಗಿಟ್ಟು ನೋಡಬೇಕೆಂಬುದು ನನ್ನ ವಾದ.

ನಮ್ಮ ಶಾಲಾ ಗಣಿತದಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗೆ ಜಾಗವೇ ಇಲ್ಲದಿರುವುದರಿಂದ ಸ್ವಲ್ಪ ಹಿನ್ನೆಲೆ ಬೇಕು. ಸಮೀಕರಣ ಕೊಟ್ಟರೆ ಅದರ ನಕ್ಷೆಯನ್ನು ಪರದೆಯ ಮೇಲೆ ಬರೆದು ತೋರಿಸುವ ಕೈ ಕ್ಯಾಲ್ಕುಲೇಟರ್ ಮೊದಲು ಬಂದದ್ದು 1985ರಲ್ಲಿ, ಕ್ಯಾಸಿಯೊದ ಎಫ್‌ಎಕ್ಸ್-7000ಜಿ ರೂಪದಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1990ರಲ್ಲಿ ಟಿಐ-81 ತಂದಿತು. ಕಾಲೇಜು ಪ್ರವೇಶಕ್ಕಾಗಿ ಬರೆಯುವ ಎಸ್‌ಎಟಿ ಪರೀಕ್ಷೆ 1994ರಲ್ಲಿ ಕ್ಯಾಲ್ಕುಲೇಟರ್‌ಗೆ ಅನುಮತಿ ಕೊಟ್ಟಿತು. ಮರುವರ್ಷ, ಶಾಲೆಯಲ್ಲೇ ಕಾಲೇಜು ಮಟ್ಟದ ಗಣಿತ ಓದಿದವರು ಬರೆಯುವ ಎಪಿ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರಲೇಬೇಕಾಯಿತು. ಅಲ್ಲಿಂದ ಮುಂದೆ ಈ ಯಂತ್ರ ಪೆನ್ನು, ಸ್ಕೇಲಿನ ಸಾಲಿನಿಂದ ಹೊರಬಿದ್ದು ಪರೀಕ್ಷಾ ವ್ಯವಸ್ಥೆಯ ಒಂದು ಅಂಗವಾಯಿತು. ಯಾವ ಮಾದರಿ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಪಟ್ಟಿಗಳು ಹುಟ್ಟಿಕೊಂಡವು.

ಟಿಐ-81ರಿಂದ 2004ರ ಟಿಐ-84 ಪ್ಲಸ್‌ವರೆಗೆ ಕೀಪ್ಯಾಡಿನ ಮೇಲ್ಸಾಲು ಹೆಚ್ಚುಕಡಿಮೆ ಬದಲಾಗಲಿಲ್ಲ. ಪರದೆಯ ಕೆಳಗೇ ಐದು ಕೀಲಿಗಳು: ವೈ=, ವಿಂಡೋ, ಝೂಮ್, ಟ್ರೇಸ್, ಗ್ರಾಫ್. ಟಿಐ-81ರಲ್ಲಿ ಎರಡನೆಯದಕ್ಕೆ ರೇಂಜ್ ಎಂಬ ಹೆಸರಿತ್ತು, ಅಷ್ಟೇ ವ್ಯತ್ಯಾಸ. ಸಮೀಕರಣ ಬರೆ, ಚೌಕಟ್ಟು ಹಾಕು, ಹತ್ತಿರ ತಾ, ರೇಖೆಯ ಮೇಲೆ ನಡೆ, ನಕ್ಷೆ ನೋಡು ಎಂಬ ಪಾಠಕ್ರಮವೇ ಎಡದಿಂದ ಬಲಕ್ಕೆ ಆ ಸಾಲಿನಲ್ಲಿ ಅಚ್ಚಾಗಿತ್ತು. ಮಿಕ್ಕ ಕೀಲಿಗಳಲ್ಲಿ ಹೆಚ್ಚಿನವಕ್ಕೆ ಮೂರು ಅರ್ಥ: ನೇರ ಒತ್ತಿದರೆ ಒಂದು, ಸೆಕೆಂಡ್ ಕೀಲಿಯ ನಂತರ ಒಂದು, ಆಲ್ಫಾ ಕೀಲಿಯ ನಂತರ ಒಂದು ಅಕ್ಷರ. ಎರಡು ವಕ್ರರೇಖೆಗಳು ಸಂಧಿಸುವ ಬಿಂದು ಬೇಕಿದ್ದರೆ ಸೆಕೆಂಡ್, ಟ್ರೇಸ್, 5, ಆಮೇಲೆ ಮೂರು ಸಲ ಎಂಟರ್. ಪಠ್ಯಪುಸ್ತಕಗಳು ಇಂಥ ಅನುಕ್ರಮಗಳನ್ನು ಕೀಲಿಗಳ ಚಿತ್ರಸಮೇತ ಅಚ್ಚುಹಾಕುತ್ತಿದ್ದವು. ಶಿಕ್ಷಕರು ತರಗತಿಯಲ್ಲಿ ಹೇಳಿಕೊಡುತ್ತಿದ್ದುದೂ ಹೀಗೆಯೇ. ಮಕ್ಕಳ ಬೆರಳುಗಳಿಗೆ ಇದು ಬಾಯಿಪಾಠದ ಮಗ್ಗಿಯಂತೆ ಒಗ್ಗಿಹೋಗಿತ್ತು. ಹೊಸ ಯಂತ್ರವೊಂದು ಈ ಸಾಲನ್ನು ಅಳಿಸಿಬಿಟ್ಟರೆ ತೊಡಕಾಗುವುದು ಒಬ್ಬ ಬಳಕೆದಾರನಿಗಲ್ಲ, ಇಡೀ ಬೋಧನಾ ಕ್ರಮಕ್ಕೆ. ಸಾಮಾನ್ಯ ಉತ್ತರದಲ್ಲಿರುವ ಅರ್ಧ ಸತ್ಯ ಇದು, ಮತ್ತು ಅದು ಸಣ್ಣದಲ್ಲ.

ಉಳಿದರ್ಧಕ್ಕೆ ನಿಜವಾದ ಸಾಕ್ಷ್ಯ 1995ರ ಟಿಐ-92. ಎರಡೂ ಕೈಗಳಲ್ಲಿ ಹಿಡಿಯಬೇಕಾದ ಅಗಲ ಯಂತ್ರ ಅದು. ಒಳಗೆ ಮೊಟೊರೋಲಾ 68000 ಪ್ರೊಸೆಸರ್, 240×128 ಚುಕ್ಕೆಗಳ ಪರದೆ. ಡಿರೈವ್ ತಂತ್ರಾಂಶದ ಆಧಾರದಲ್ಲಿ ರೂಪಿಸಿದ ಬೀಜಗಣಿತ ವ್ಯವಸ್ಥೆ ಅದರಲ್ಲಿತ್ತು. ಸಂಖ್ಯೆಗಳಲ್ಲಿ ಮಾತ್ರವಲ್ಲದೆ ಎಕ್ಸ್, ವೈ ಎಂಬ ಸಂಕೇತಗಳಲ್ಲೇ ಅದು ಲೆಕ್ಕ ಮಾಡುತ್ತಿತ್ತು. ಅಪವರ್ತಿಸುತ್ತಿತ್ತು, ಅವಕಲನ, ಅನುಕಲನ ಮಾಡುತ್ತಿತ್ತು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಹುಟ್ಟಿದ ಕ್ಯಾಬ್ರಿ ಎಂಬ ರೇಖಾಗಣಿತ ತಂತ್ರಾಂಶವೂ ಅದರೊಳಗಿತ್ತು. ಇಷ್ಟು ಶಕ್ತಿಯ ಜೊತೆಗೆ ಟೈಪ್‌ರೈಟರ್ ಮಾದರಿಯ ಕ್ವರ್ಟಿ ಕೀಲಿಗಳು. ಎಸ್‌ಎಟಿ ನಿಯಮ ಕ್ವರ್ಟಿ ಕೀಪ್ಯಾಡ್ ಇರುವ ಯಂತ್ರಗಳನ್ನು ಬಿಡುತ್ತಿರಲಿಲ್ಲ, ಹಾಗಾಗಿ ಟಿಐ-92 ಬಾಗಿಲ ಹೊರಗೇ ಉಳಿಯಿತು.

ಮೂರು ವರ್ಷದ ನಂತರ, 1998ರಲ್ಲಿ, ಟಿಐ-89 ಬಂತು. ಅದೇ 68000 ಪ್ರೊಸೆಸರ್, ಅದೇ ಬಗೆಯ ಬೀಜಗಣಿತ ವ್ಯವಸ್ಥೆ. ಪರದೆ 160×100ಕ್ಕೆ ಕುಗ್ಗಿತ್ತು, ಕೀಪ್ಯಾಡ್ ಸಾಮಾನ್ಯ ಕ್ಯಾಲ್ಕುಲೇಟರ್‌ನದಾಗಿತ್ತು. ಅಕ್ಷರ ಬೇಕಿದ್ದರೆ ಆಲ್ಫಾ ಒತ್ತಿ ಒಂದೊಂದಾಗಿ ಹಾಕಬೇಕು. ಈ ಯಂತ್ರ ಎಸ್‌ಎಟಿಯಲ್ಲಿ ದೀರ್ಘಕಾಲ ಸಲ್ಲುತ್ತಿತ್ತು. ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟರೆ ನಿಯಮದ ಸ್ವರೂಪ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಣಿತದ ಬಲದಲ್ಲಿ ಅವು ಒಡಹುಟ್ಟಿದವು. ಒಂದನ್ನು ತಡೆದು ಇನ್ನೊಂದನ್ನು ಬಿಟ್ಟದ್ದು ಕೀಲಿಗಳ ಜೋಡಣೆ. ಪ್ರಶ್ನೆಗಳನ್ನು ಸರಾಗವಾಗಿ ಟೈಪ್ ಮಾಡಿ ಹೊರಗೊಯ್ಯಬಹುದೆಂಬ ಆತಂಕ ಈ ನಿಯಮದ ಹಿಂದೆ ಇದ್ದಿರಬಹುದು ಎಂದು ಊಹಿಸುತ್ತೇನೆ. ಆ ಆತಂಕ ಅರ್ಥವಾಗುವಂಥದ್ದೇ, ಆದರೂ ಟಿಐ-89ರಲ್ಲೂ ತಾಳ್ಮೆಯಿದ್ದವರು ಪಠ್ಯ ಬರೆದಿಡಬಹುದಿತ್ತು. ಇನ್ನೊಂದು ಪ್ರವೇಶ ಪರೀಕ್ಷೆಯಾದ ಎಸಿಟಿ ಬೇರೆ ದಾರಿ ಹಿಡಿಯಿತು. ಸಂಕೇತಗಳಲ್ಲಿ ಲೆಕ್ಕ ಮಾಡುವ ಬೀಜಗಣಿತ ವ್ಯವಸ್ಥೆಯನ್ನೇ ಅದು ನಿಷೇಧಿಸಿತು. ಅಲ್ಲಿ ಟಿಐ-89ಕ್ಕೂ ಪ್ರವೇಶವಿಲ್ಲ. ಒಂದು ಪರೀಕ್ಷೆ ಯಂತ್ರದ ಮುಖ ನೋಡಿತು, ಇನ್ನೊಂದು ಒಳಗನ್ನು ಕೇಳಿತು. ಕೊಠಡಿಯಲ್ಲಿ ನಿಂತ ಮೇಲ್ವಿಚಾರಕರಿಗೆ ಮಾತ್ರ ಎರಡೂ ಕಡೆ ಕಾಣುವುದು ಮುಖವೇ, ಹೆಚ್ಚೆಂದರೆ ಅದರ ಮೇಲೆ ಅಚ್ಚಾದ ಮಾದರಿಯ ಹೆಸರು.

ಎನ್‌ಸ್ಪೈರ್‌ನ ಸ್ವಂತ ಕೀಪ್ಯಾಡನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದರಲ್ಲಿ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಪುಟ್ಟ ಕೀಲಿಯಿದೆ, ದೊಡ್ಡ ಕೀಲಿಗಳ ನಡುವಿನ ಸಂದಿಗಳಲ್ಲಿ. ಆದರೆ ಜೋಡಣೆ ಎ, ಬಿ, ಸಿ ಕ್ರಮದ್ದು. ಕಂಪ್ಯೂಟರ್ ಬಳಸಿ ಬೆಳೆದ ಹುಡುಗ ಹುಡುಗಿಯರಿಗೆ ಕ್ವರ್ಟಿಯೇ ಸಲೀಸು ಎಂಬುದು 2007ರಲ್ಲಿ ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. ವಿನ್ಯಾಸಕಾರರು ಆ ಸಲೀಸನ್ನು ಬಿಟ್ಟುಕೊಟ್ಟು ಅಕ್ಷರಮಾಲೆಯ ಕ್ರಮ ಹಿಡಿದದ್ದು ಟಿಐ-92ರ ಗತಿ ನೆನಪಿದ್ದುದರಿಂದಲೇ ಎಂದು ತೋರುತ್ತದೆ. ನಿಯಮಾವಳಿಯ ಒಂದು ಸಾಲು ಪ್ಲಾಸ್ಟಿಕ್ಕಿನ ರೂಪ ತಾಳಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ಇನ್ನು ಕಳಚುವ ವ್ಯವಸ್ಥೆ. ಇಂಥ ಕೀಪ್ಯಾಡ್ ಎಂದರೆ ಅಡ್ಡ ಗೆರೆ, ಉದ್ದ ಗೆರೆಗಳ ಒಂದು ವಿದ್ಯುತ್ ಜಾಲ. ಕೀಲಿ ಒತ್ತಿದಾಗ ಒಂದು ಅಡ್ಡ ಗೆರೆಯೂ ಒಂದು ಉದ್ದ ಗೆರೆಯೂ ಕೂಡಿಕೊಳ್ಳುತ್ತವೆ, ಪ್ರೊಸೆಸರ್ ಒಂದರ ನಂತರ ಒಂದು ಗೆರೆಯನ್ನು ತಡವಿ ನೋಡುತ್ತ ಯಾವ ಕೀಲಿ ಎಂದು ಪತ್ತೆ ಮಾಡುತ್ತದೆ. ಎನ್‌ಸ್ಪೈರ್‌ನಲ್ಲಿ ಇದರ ಜೊತೆಗೆ ಕೂರಿಸಿದ ಕೀಪ್ಯಾಡ್ ಯಾವ ಬಗೆಯದು ಎಂಬುದನ್ನೂ ಯಂತ್ರ ಗುರುತಿಸಿಕೊಳ್ಳುತ್ತದೆ. ಟಿಐ-84ರ ಕೀಪ್ಯಾಡ್ ಕಂಡೊಡನೆ ಎನ್‌ಸ್ಪೈರ್‌ನ ಎಆರ್‌ಎಂ ಪ್ರೊಸೆಸರ್ ಹಳೆಯ ಝಡ್80 ಪ್ರೊಸೆಸರನ್ನು ತಂತ್ರಾಂಶದಲ್ಲಿ ಅನುಕರಿಸುತ್ತದೆ. 320×240 ಚುಕ್ಕೆಗಳ ಪರದೆ 96×64 ಚುಕ್ಕೆಗಳ ಹಳೆಯ ಪರದೆಯನ್ನು ತೋರಿಸಲು ನಿಲ್ಲುತ್ತದೆ. ಎರಡು ಸ್ಥಿತಿಗಳ ನಡುವೆ ಕಡತಗಳ ಹಂಚಿಕೆಯಿಲ್ಲ: ಎನ್‌ಸ್ಪೈರ್ ಆಗಿದ್ದಾಗ ಬರೆದದ್ದು ಟಿಐ-84 ಆಗಿರುವಾಗ ಕೈಗೆ ಸಿಗದು. ಹೀಗಾಗಿ ಇದು ಬರಿಯ ವೇಷವಲ್ಲ, ಕೀಪ್ಯಾಡಿನೊಂದಿಗೆ ನೆನಪೂ ಬದಲಾಗುತ್ತದೆ.

ಹಿಂದಿನ ಒಂದು ಪ್ರಯೋಗದ ಜೊತೆ ಹೋಲಿಸಿದರೆ ಇದರ ಹೊಸತನ ತಿಳಿಯುತ್ತದೆ. 1979ರ ಎಚ್‌ಪಿ-41ಸಿಯಲ್ಲಿ ಬಳಕೆದಾರರು ಕೀಲಿಗಳಿಗೆ ತಮಗೆ ಬೇಕಾದ ಕೆಲಸ ವಹಿಸಿ, ಆ ಹೊಸ ಹೆಸರುಗಳಿರುವ ತೆಳು ಹೊದಿಕೆಯೊಂದನ್ನು ಕೀಲಿಗಳ ಮೇಲೆ ಕೂರಿಸಬಹುದಿತ್ತು. ಆ ಹೊದಿಕೆಗೂ ಯಂತ್ರಕ್ಕೂ ಸಂಬಂಧವಿರಲಿಲ್ಲ. ಬದಲಾವಣೆ ಮೊದಲು ಒಳಗೆ ಆಗುತ್ತಿತ್ತು, ಹೊದಿಕೆ ಅದನ್ನು ಓದಿ ಹೇಳುತ್ತಿತ್ತು, ತಪ್ಪು ಹೊದಿಕೆ ಹಾಕಿದರೆ ತಪ್ಪನ್ನೇ ಹೇಳುತ್ತಿತ್ತು. ಎನ್‌ಸ್ಪೈರ್‌ನಲ್ಲಿ ಮುಖವೇ ಒಳಗಿಗೆ ಆಜ್ಞೆ ಕೊಡುತ್ತದೆ. ಟಿಐ-84ರ ಕೀಪ್ಯಾಡ್ ಹಾಕಿಕೊಂಡು ಒಳಗೊಳಗೇ ಎನ್‌ಸ್ಪೈರ್ ಆಗಿ ನಡೆದುಕೊಳ್ಳುವ ಅವಕಾಶವನ್ನು ಬಳಕೆದಾರರಿಗೆ ಕೊಟ್ಟಿಲ್ಲ. ಮೇಲ್ವಿಚಾರಕರ ಕಣ್ಣಿಗೆ ಕಂಡದ್ದನ್ನು ನಂಬಬಹುದಾದ ವ್ಯವಸ್ಥೆ ಇದು, ಮತ್ತು ಈ ಗುಣ ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ನನ್ನ ವಾದಕ್ಕೆ ಇನ್ನೊಂದು ಬಲವಿದೆ. ಎನ್‌ಸ್ಪೈರ್ ಎರಡು ರೂಪಗಳಲ್ಲಿ ಬಂದಿತ್ತು. ಬೀಜಗಣಿತ ವ್ಯವಸ್ಥೆ ಇಲ್ಲದ ಸಾದಾ ರೂಪ, ಮತ್ತು ಅದಿರುವ, ಮೈಮೇಲೆ ಸಿಎಎಸ್ ಎಂದು ಬರೆದುಕೊಂಡ ರೂಪ. ಟಿಐ-84 ಆಗುವ ಸೌಲಭ್ಯ ಸಾದಾ ರೂಪಕ್ಕೆ ಮಾತ್ರ ಇತ್ತು. ಹಳೆಯ ಬಳಕೆದಾರರ ಅನುಕೂಲವೊಂದೇ ಉದ್ದೇಶವಾಗಿದ್ದರೆ ಸಿಎಎಸ್ ಕೊಂಡವರಿಗೂ ಅದನ್ನು ಕೊಡಬಹುದಿತ್ತು. ಕೊಡಲಿಲ್ಲ. ಎಸಿಟಿ ತಡೆಯುವ ಯಂತ್ರವೊಂದು ಎಸಿಟಿ ಬಿಡುವ ಯಂತ್ರದ ಮುಖ ತೊಟ್ಟು ಒಳಬರುವ ಸಾಧ್ಯತೆ ಹಾಗೆ ಮುಚ್ಚಿಹೋಯಿತು. ಉದ್ದೇಶವೂ ಅದೇ ಆಗಿತ್ತೆಂದು ಸಾಬೀತುಪಡಿಸಲು ಇಷ್ಟೇ ಸಾಲದು. ಆದರೆ ಬರಿಯ ಅನುಕೂಲದ ವಿವರಣೆಗೆ ಈ ವ್ಯತ್ಯಾಸ ಒಗ್ಗುವುದಿಲ್ಲ.

ಈ ಏರ್ಪಾಟು ಹೆಚ್ಚು ಕಾಲ ಬಾಳಲಿಲ್ಲ. 2010ರಲ್ಲಿ ಟಚ್‌ಪ್ಯಾಡ್ ಇರುವ ಕೀಪ್ಯಾಡ್ ಬಂದಾಗಲೂ ಸಾದಾ ರೂಪದಲ್ಲಿ ಅದಲುಬದಲು ಮುಂದುವರಿಯಿತು. 2011ರಲ್ಲಿ ಬಣ್ಣದ ಪರದೆಯ, ತೆಳು ಮೈಯ ಎನ್‌ಸ್ಪೈರ್ ಸಿಎಕ್ಸ್ ಬಂದಾಗ ಕೀಪ್ಯಾಡ್ ಮೈಗೆ ಅಂಟಿಹೋಯಿತು. ಅಷ್ಟರಲ್ಲಿ ನಂಬಿಕೆಯ ಗುರುತು ಬೇರೆಡೆಗೆ ಸರಿದಿತ್ತು. ಪ್ರೆಸ್-ಟು-ಟೆಸ್ಟ್ ಎಂಬ ಸ್ಥಿತಿಗೆ ಯಂತ್ರವನ್ನು ಹೊರಳಿಸಿದರೆ ಮೊದಲೇ ಬರೆದಿಟ್ಟ ಕಡತಗಳು ಮರೆಯಾಗುತ್ತವೆ, ಆಯ್ದ ಸೌಲಭ್ಯಗಳು ಮುಚ್ಚಿಕೊಳ್ಳುತ್ತವೆ, ಮೇಲ್ತುದಿಯಲ್ಲಿ ಒಂದು ಸಣ್ಣ ಎಲ್‌ಇಡಿ ಮಿನುಗುತ್ತದೆ. ಫ್ರಾನ್ಸಿನ ಶಿಕ್ಷಣ ಸಚಿವಾಲಯ 2015ರ ಸುತ್ತೋಲೆಯಲ್ಲಿ ಇಂಥ ಮಿನುಗು ದೀಪದ ಪರೀಕ್ಷಾ ಸ್ಥಿತಿಯನ್ನೇ ಷರತ್ತಾಗಿಸಿತು. ಮೇಲ್ವಿಚಾರಕರು ಈಗ ಕೀಲಿ ನೋಡಬೇಕಿಲ್ಲ, ದೀಪ ನೋಡಿದರೆ ಸಾಕು. ಅಗ್ಗ, ಸುಲಭ, ಕಳೆದುಹೋಗುವ ಬಿಡಿಭಾಗವಿಲ್ಲ. ಆದರೂ ನನ್ನ ಒಲವು ಹಳೆಯ ವಿಧಾನದ ಕಡೆಗೇ. ದೀಪ ಮಿನುಗುತ್ತಿದೆ ಎಂಬುದರಿಂದ ಏನನ್ನು ಮುಚ್ಚಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂಬುದು ವಿದ್ಯಾರ್ಥಿಗೆ ತೋರದು. ಟಿಐ-84ರ ಕೀಪ್ಯಾಡ್ ಹಾಕಿದ ವಿದ್ಯಾರ್ಥಿಗೆ ತನ್ನ ಯಂತ್ರ ಏನು ಮಾಡಬಲ್ಲದು ಎಂಬುದು ಕೈಬೆರಳಿಗೇ ಗೊತ್ತಿರುತ್ತಿತ್ತು.

ಕನ್ನಡದ ಓದುಗರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪರಿಚಿತವಾದದ್ದು 1985ರಲ್ಲಿ ಬೆಂಗಳೂರಿನಲ್ಲಿ ತೆರೆದ ವಿನ್ಯಾಸ ಕೇಂದ್ರದಿಂದ. ಅದು ಚಿಪ್‌ಗಳ ಕಥೆ, ಇಲ್ಲಿಗೆ ಸೇರದು. ಇಲ್ಲಿಗೆ ಸೇರುವ ಬೆಂಗಳೂರಿನ ಸಂಗತಿ ಬೇರೊಂದಿದೆ. ಭಾರತೀಯ ವಿಜ್ಞಾನ ಸಂಸ್ಥೆ ನಡೆಸಿಕೊಟ್ಟ 2016ರ ಗೇಟ್ ಎಂಬ ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಕ್ಯಾಲ್ಕುಲೇಟರ್ ತರುವುದನ್ನು ನಿಲ್ಲಿಸಿ, ಕಂಪ್ಯೂಟರ್ ಪರದೆಯ ಮೇಲೆಯೇ ಒಂದು ಕ್ಯಾಲ್ಕುಲೇಟರ್ ಕೊಟ್ಟರು. ಅದರ ಕೀಪ್ಯಾಡ್ ಒಂದು ಚಿತ್ರ. ಮೌಸ್‌ನಿಂದ ಒಂದೊಂದೇ ಕೀಲಿಯನ್ನು ಕ್ಲಿಕ್ ಮಾಡಬೇಕು. ಎಲ್ಲರಿಗೂ ಒಂದೇ ಯಂತ್ರ, ಪಟ್ಟಿಯ ಗೊಡವೆಯಿಲ್ಲ, ತಪಾಸಣೆ ಬೇಕಿಲ್ಲ: ನ್ಯಾಯದ ದೃಷ್ಟಿಯಿಂದ ಇದು ದೊಡ್ಡ ಲಾಭ. ಆದರೆ ನಾಲ್ಕು ವರ್ಷ ಕಾಲೇಜಿನಲ್ಲಿ ಕೈಯಲ್ಲೇ ಇದ್ದ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಪಳಗಿದ ಬೆರಳಿನ ವೇಗ ಅಲ್ಲಿ ಕೆಲಸಕ್ಕೆ ಬಾರದು. ಅದಕ್ಕೇ ತಯಾರಿ ನಡೆಸುವವರು ಆ ಪರದೆಯ ಕ್ಯಾಲ್ಕುಲೇಟರ್‌ನಲ್ಲೇ ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕಾಗುತ್ತದೆ. ಎಸ್‌ಎಟಿಯೂ ಡಿಜಿಟಲ್ ಆದ ಮೇಲೆ, ವಿದೇಶಗಳಲ್ಲಿ 2023ರಿಂದ, ಅಮೆರಿಕದಲ್ಲಿ 2024ರಿಂದ, ಡೆಸ್ಮೋಸ್ ಎಂಬ ಗ್ರಾಫಿಂಗ್ ಕ್ಯಾಲ್ಕುಲೇಟರನ್ನು ಪರೀಕ್ಷೆಯೊಳಗೇ ಒದಗಿಸುತ್ತದೆ.

ಕಳಚುವ ಕೀಪ್ಯಾಡಿಗೆ ಮರಳಿದರೆ, ಅದು ಬದಲಾದಾಗ ಯಂತ್ರವೇ ಬದಲಾಗುವುದರಿಂದ ವಸ್ತು ಸಂಗ್ರಾಹಕರಿಗೂ ಸಂಗ್ರಹಾಲಯಗಳಿಗೂ ಒಂದು ಕೆಲಸ ಬೀಳುತ್ತದೆ. ಟಿಐ-84ರ ಬಿಡಿ ಕೀಪ್ಯಾಡ್ ಒಂಟಿಯಾಗಿ ಸಿಕ್ಕರೆ ಅದನ್ನು ಕ್ಯಾಲ್ಕುಲೇಟರ್ ಎಂದು ದಾಖಲಿಸುವಂತಿಲ್ಲ: ಲೆಕ್ಕ ಮಾಡುವ ತಂತ್ರಾಂಶ ಇರುವುದು ಎನ್‌ಸ್ಪೈರ್‌ನ ಮೈಯಲ್ಲಿ. ಕೀಪ್ಯಾಡ್ ಇಲ್ಲದ ಮೈಯನ್ನು ಬರಿ ಎನ್‌ಸ್ಪೈರ್ ಎಂದು ದಾಖಲಿಸಿದರೂ ಅದರೊಳಗಿನ ಇನ್ನೊಂದು ಯಂತ್ರ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಮೈಗೆ ಒಂದು, ಪ್ರತಿ ಕೀಪ್ಯಾಡಿಗೆ ಒಂದೊಂದು ದಾಖಲೆ ಸಂಖ್ಯೆ ಕೊಟ್ಟು, ಸಂಗ್ರಹಕ್ಕೆ ಬಂದಾಗ ಯಾವುದು ಕೂತಿತ್ತು ಎಂಬುದನ್ನೂ ತಂತ್ರಾಂಶದ ಆವೃತ್ತಿಯನ್ನೂ ಬರೆದಿಡುವುದು ಸರಿಯಾದ ಕ್ರಮ. ಜೊತೆಗೆ ಆಯಾ ವರ್ಷದ ಪರೀಕ್ಷೆಗಳ ಅನುಮತಿ ಪಟ್ಟಿಯನ್ನೂ ಇಡಬೇಕು.