ಟ್ಯಾಲಿ ಆಗದ ಲೆಕ್ಕ: ಯುದ್ಧಕಾಲದ ಲಂಡನ್‌ನಲ್ಲಿ ಒಂದು ಮೊದಲ ಸರ್ಕಾರಿ ಕೆಲಸ



ನನ್ನ ಜೊತೆ ಬಿ.ಕಾಂ. ಓದಿ, ಆಮೇಲೆ ಎಕನಾಮಿಕ್ಸ್‌ನಲ್ಲಿ ಎಂ.ಎ. ಮಾಡಿದ ಗೆಳತಿಯೊಬ್ಬಳು ಇತ್ತೀಚೆಗೆ ಸರ್ಕಾರದ ಅಂಕಿಅಂಶ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಮನೆಯಲ್ಲೆಲ್ಲ ಖುಷಿ. ಒಂದು ತಿಂಗಳಾದ ಮೇಲೆ ಫೋನ್ ಮಾಡಿ ಏನಂದಳು ಗೊತ್ತಾ? ‘ದೇಶದ ನೀತಿ-ಗೀತಿ ಏನೂ ಇಲ್ಲ ಮಾರಾಯ. ಎರಡು ಟೇಬಲ್‌ಗಳ ಟೋಟಲ್ ಯಾಕೆ ಮ್ಯಾಚ್ ಆಗ್ತಿಲ್ಲ ಅಂತ ಬೆಳಗ್ಗೆಯಿಂದ ಸಂಜೆವರೆಗೂ ಹುಡುಕೋದೇ ಕೆಲಸ.’ ನಂಗೆ ಸಮಾಧಾನ ಹೇಳೋಕೆ ಬರಲ್ಲ. ಅದಕ್ಕೇ ಒಂದು ಕಥೆ ಹೇಳಿದೆ. ಇವತ್ತಿನ ಎಪಿಸೋಡ್ ಅದೇ.

ಕಥೆಯ ಹೆಸರು ರಿಚರ್ಡ್ ಸ್ಟೋನ್. ಲಂಡನ್‌ನಲ್ಲಿ 1913ರಲ್ಲಿ ಹುಟ್ಟಿದ್ದು. ಅಪ್ಪ ಲಾಯರ್. 1930ರಲ್ಲಿ ಆ ಅಪ್ಪ ಮದ್ರಾಸ್ ಹೈಕೋರ್ಟಿಗೆ ಜಡ್ಜ್ ಆಗಿ ಬಂದಾಗ, ಸ್ಕೂಲ್ ಮುಗಿಸಿದ್ದ ಮಗನೂ ಜೊತೆಗೆ ಬಂದು ಸುಮಾರು ಒಂದು ವರ್ಷ ಮದ್ರಾಸಲ್ಲಿ ಇದ್ದ. ಆಮೇಲೆ ಕೇಂಬ್ರಿಜ್. ಅಪ್ಪನ ದಾರೀಲೇ ಹೋಗಲಿ ಅಂತ ಮೊದಲು ಲಾ ಓದಿಸಿದರು. ಎರಡು ವರ್ಷ ಓದಿ, ಇದು ನನ್ನ ಕೈಲಾಗಲ್ಲ ಅಂತ ಎಕನಾಮಿಕ್ಸ್‌ಗೆ ಹಾರಿದ. ಅದು ಮಹಾ ಆರ್ಥಿಕ ಕುಸಿತದ ಕಾಲ. ಎಕನಾಮಿಕ್ಸ್ ಗೊತ್ತಾದರೆ ಪ್ರಪಂಚ ಸರಿಮಾಡಬಹುದು ಅಂತ ಹುಡುಗರು ನಂಬಿದ್ದ ಕಾಲ.

(ಇಪ್ಪತ್ತರ ಹುಡುಗ ಅಂತ ಏಕವಚನದಲ್ಲಿ ಮಾತಾಡ್ತಾ ಇದೀನಿ. ನೊಬೆಲ್ ಬಂದಾಗ ಬಹುವಚನ ಕೊಡೋಣ.)

ಅಲ್ಲಿ ಅವನಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಟ್ಟವನು ಕಾಲಿನ್ ಕ್ಲಾರ್ಕ್. ಇವನದ್ದೂ ಒಂದು ಮೊದಲ ಕೆಲಸದ ಕಥೆ ಇದೆ. ಓದಿದ್ದು ಕೆಮಿಸ್ಟ್ರಿ. ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಹೊಸದಾಗಿ ಮಾಡಿದ್ದ ಆರ್ಥಿಕ ಸಲಹಾ ಮಂಡಳಿಯಲ್ಲಿ 1930ರ ಹೊತ್ತಿಗೆ ಸಂಶೋಧನಾ ಸಹಾಯಕ. ಆಮದಿನ ಮೇಲೆ ಸುಂಕ ಹಾಕಬೇಕು ಅನ್ನೋದಕ್ಕೆ ಸಮರ್ಥನೆ ಬರೆದುಕೊಡು ಅಂದರು. ಮೊದಲು ತೀರ್ಮಾನ, ಆಮೇಲೆ ಅಂಕಿ. ಕ್ಲಾರ್ಕ್ ರಾಜೀನಾಮೆ ಕೊಟ್ಟು ಕೇಂಬ್ರಿಜ್‌ಗೆ ಪಾಠ ಮಾಡೋಕೆ ಹೋದ. ಅವನು ಕೆಲಸ ಬಿಡದೇ ಇದ್ದಿದ್ದರೆ ಸ್ಟೋನ್‌ಗೆ ಆ ಮೇಷ್ಟ್ರು ಸಿಗ್ತಾ ಇರಲಿಲ್ಲ.

ಸ್ಟೋನ್ ಡಿಗ್ರಿ ಮುಗಿಸಿದ್ದು 1935ರಲ್ಲಿ. ಕಾಲೇಜಿನವರು ರಿಸರ್ಚ್ ಮಾಡು ಅಂದರು, ಮನೆಯವರು ಬೇಡ ಅಂದರು. ಲಾಯ್ಡ್ಸ್‌ನಲ್ಲಿ ಇನ್ಶೂರೆನ್ಸ್ ಬ್ರೋಕರ್ ಒಬ್ಬರ ಆಫೀಸಿಗೆ ಸೇರಿದ. ಬೆಳಗ್ಗೆ ಇನ್ಶೂರೆನ್ಸ್, ರಾತ್ರಿ ಅಂಕಿಅಂಶ. 1937ರಲ್ಲಿ ಕ್ಲಾರ್ಕ್ ಆಸ್ಟ್ರೇಲಿಯಾಗೆ ಹೊರಟಾಗ, ‘ಟ್ರೆಂಡ್ಸ್’ ಅನ್ನೋ ಪುಟ್ಟ ಮಾಸಿಕ ಪುರವಣಿಯನ್ನ ಶಿಷ್ಯನ ಕೈಗೆ ಕೊಟ್ಟು ಹೋದ. ಒಂದು ಉದ್ಯಮ ಪತ್ರಿಕೆ ಜೊತೆ ಬರ್ತಾ ಇದ್ದದ್ದು ಅದು. ಉದ್ಯೋಗ, ಬೆಲೆ, ಉತ್ಪಾದನೆ ಹೇಗಿದೆ ಅಂತ ಸ್ಟೋನ್ ಮತ್ತು ಅವನ ಹೆಂಡತಿ ವಿನಿಫ್ರೆಡ್ ಕೂತು ಬರೀತಾ ಇದ್ದರು. ಹಗಲು ಆಫೀಸ್, ರಾತ್ರಿ ರೆಕಾರ್ಡಿಂಗ್ ಮಾಡೋ ನನ್ನಂಥವರಿಗೆ ಈ ಭಾಗ ತುಂಬಾ ಇಷ್ಟ. ಯಾಕಂದ್ರೆ ಅವನಿಗೆ ಸರ್ಕಾರಿ ಕೆಲಸ ಸಿಕ್ಕಿದ್ದು ಈ ಸೈಡ್ ಕೆಲಸದಿಂದಲೇ. 1939ರಲ್ಲಿ ಯುದ್ಧ ಶುರುವಾಯ್ತು, ಆರ್ಥಿಕ ಸಮರ ಸಚಿವಾಲಯದಿಂದ ಕರೆ ಬಂತು. ಹಡಗು ಮತ್ತು ಎಣ್ಣೆಯ ಲೆಕ್ಕ ನೋಡೋ ಕೆಲಸ.

ಮರುವರ್ಷ ಬೇಸಿಗೆಯಲ್ಲಿ ಅವನನ್ನ ಯುದ್ಧ ಸಂಪುಟದ ಕಚೇರಿಗೆ ಎಳೆದುಕೊಂಡರು. ಅಲ್ಲಿದ್ದವನು ಜೇಮ್ಸ್ ಮೀಡ್, ವಯಸ್ಸು 33. ಜಿನೀವಾದಲ್ಲಿ ಲೀಗ್ ಆಫ್ ನೇಷನ್ಸ್ ಕೆಲಸ ಬಿಟ್ಟು, ಹೆಂಡತಿ ಮತ್ತು ಚಿಕ್ಕ ಮಕ್ಕಳ ಜೊತೆ, ನಿರಾಶ್ರಿತರಿಂದ ತುಂಬಿದ್ದ ಫ್ರಾನ್ಸ್ ದಾಟಿ ಆಗಷ್ಟೇ ಲಂಡನ್ ಮುಟ್ಟಿದ್ದ. ದೇಶದ ಪೂರ್ತಿ ಆದಾಯ-ಖರ್ಚನ್ನ ಹೇಗೆ ಜೋಡಿಸಬೇಕು ಅಂತ ಟೇಬಲ್‌ಗಳನ್ನ ಗೀಚಿ ಇಟ್ಟಿದ್ದ. ಕಾಲಂಗಳೆಲ್ಲ ಖಾಲಿ. ಆ ಖಾಲಿ ಜಾಗ ತುಂಬೋಕೆ ಸ್ಟೋನ್ ಬೇಕಾಗಿತ್ತು.

ಅದೇ ಕಚೇರಿಯಲ್ಲಿದ್ದ ಆಸ್ಟಿನ್ ರಾಬಿನ್ಸನ್ ನೆನಪಿಸಿಕೊಂಡಿದ್ದನ್ನ ಕೇಳಿ. ಮೊದಮೊದಲು ಮೀಡ್ ಸೀನಿಯರ್, ಲೆಕ್ಕದ ಮಷೀನಿನ ಹ್ಯಾಂಡಲ್ ತಿರುಗಿಸೋನು ಸ್ಟೋನ್. ಕೆಲವು ವಾರ ಬಿಟ್ಟು ಹೋಗಿ ನೋಡಿದರೆ ಸ್ಟೋನ್ ಅಂಕಿ ಹೇಳ್ತಾ ಇದ್ದಾನೆ, ಮೀಡ್ ಹ್ಯಾಂಡಲ್ ತಿರುಗಿಸ್ತಾ ಇದ್ದಾನೆ! ಹೊರಗಡೆ ಜರ್ಮನ್ ವಿಮಾನಗಳು ಬಾಂಬ್ ಹಾಕ್ತಾ ಇದ್ದ ತಿಂಗಳುಗಳು ಅವು.

ಈಗ ಬಿ.ಕಾಂ. ಮಾಡಿದವರೆಲ್ಲ ಸ್ವಲ್ಪ ಮುಂದೆ ಬನ್ನಿ.

ಇದಕ್ಕೂ ಮುಂಚೆ ದೇಶದ ಆದಾಯವನ್ನ ಲೆಕ್ಕ ಹಾಕಿದವರು ಇರಲಿಲ್ಲ ಅಂತಲ್ಲ, ಕ್ಲಾರ್ಕ್ ಹಾಕಿದ್ದ. ಮೀಡ್ ಮತ್ತು ಸ್ಟೋನ್ ಮಾಡಿದ್ದು ಏನಂದ್ರೆ, ಇಡೀ ದೇಶಕ್ಕೆ ಡಬಲ್ ಎಂಟ್ರಿ ಹಾಕಿದ್ದು. ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಹಾಗಾಗಿ ದೇಶದಲ್ಲಿ ಎಲ್ಲರೂ ಗಳಿಸಿದ್ದು ಒಂದು ಕಡೆ, ಎಲ್ಲರೂ ಖರ್ಚು ಮಾಡಿದ್ದು ಮತ್ತು ಉಳಿಸಿದ್ದು ಇನ್ನೊಂದು ಕಡೆ ಬರೆದರೆ ಎರಡೂ ಟ್ಯಾಲಿ ಆಗಬೇಕು. ತೆರಿಗೆ ದಾಖಲೆ ಒಂದು ಕಡೆಯಿಂದ, ಕಾರ್ಖಾನೆಗಳ ಗಣತಿ ಇನ್ನೊಂದು ಕಡೆಯಿಂದ. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಇಲಾಖೆಗಳ ಕಾಗದ ತಂದು ಒಂದೇ ಲೆಡ್ಜರಿಗೆ ಹಾಕೋದು.

ಟ್ಯಾಲಿ ಆಗಲಿಲ್ಲ. ಹೇಗಾಗುತ್ತೆ ಹೇಳಿ.

ನಾವು ಎಕ್ಸಾಮಲ್ಲಿ ಏನ್ ಮಾಡ್ತಾ ಇದ್ವಿ? ಟ್ರಯಲ್ ಬ್ಯಾಲೆನ್ಸ್ ಕೂಡದೇ ಇದ್ರೆ ವ್ಯತ್ಯಾಸ ತಗೊಂಡು ಸಸ್ಪೆನ್ಸ್ ಅಕೌಂಟಿಗೆ ಎಸೆದು ಮುಂದಿನ ಪ್ರಶ್ನೆ. ನಾನಂತೂ ಒಂದು ಸೆಮಿಸ್ಟರ್ ಪೂರ್ತಿ ಹಾಗೇ ಪಾಸಾದೆ. ಸ್ಟೋನ್ ಹಾಗೆ ಮಾಡಲಿಲ್ಲ. ಮೀಡ್ ಮತ್ತು ಡೇವಿಡ್ ಚಾಂಪರ್ನೌನ್ ಜೊತೆ ಸೇರಿ 1942ರಲ್ಲಿ ಒಂದು ಪ್ರಬಂಧ ಬರೆದ. ಅದರ ಐಡಿಯಾ ಸರಳ: ಪ್ರತಿ ಅಂಕಿಯ ಪಕ್ಕದಲ್ಲಿ ಅದನ್ನ ಎಷ್ಟು ನಂಬಬಹುದು ಅಂತಲೂ ಬರೀರಿ. ಉದಾಹರಣೆಗೆ ಆದಾಯದ ಕಡೆ 100, ಖರ್ಚಿನ ಕಡೆ 104 ಬಂತು ಅಂದ್ಕೊಳ್ಳಿ. ಸಂಬಳದ ಅಂಕಿ ಗಟ್ಟಿ ದಾಖಲೆಯಿಂದ ಬಂದಿದ್ರೆ ಅದನ್ನ ಹೆಚ್ಚು ಅಲ್ಲಾಡಿಸಬೇಡಿ. ಅಂಗಡಿ ಖರ್ಚಿನದ್ದು ಅಂದಾಜು ಅಂದ್ರೆ ಅದನ್ನ ಹೆಚ್ಚು ಸರಿಸಿ. ಆ 4ನ್ನ ಯಾರದ್ದೋ ತಲೆಗೆ ಕಟ್ಟೋದಲ್ಲ, ನಂಬಿಕೆಯ ಪ್ರಮಾಣದಲ್ಲಿ ಹಂಚೋದು. ಅಂದ್ರೆ ‘ಇದು ನಂಗೆ ಸರಿಯಾಗಿ ಗೊತ್ತಿಲ್ಲ’ ಅನ್ನೋದನ್ನೂ ಸರ್ಕಾರಿ ಲೆಕ್ಕದ ಒಳಗೇ ತಂದ. ಬಾಸ್ ಮುಂದೆ ‘ಅಂದಾಜು ಸಾರ್’ ಅನ್ನೋಕೆ ಹೆದರೋ ಯಾವ ಜೂನಿಯರ್‌ಗೂ ಇದು ಎಷ್ಟು ಕಷ್ಟ ಅಂತ ಗೊತ್ತು.

ಇದೆಲ್ಲ ಬರೀ ತಲೆಹರಟೆ ಅಲ್ಲ. ಯುದ್ಧಕ್ಕೆ ದುಡ್ಡು ಬೇಕು. ಜನರ ಕೈಯಲ್ಲಿ ಸಂಬಳ ಇದೆ, ಅಂಗಡಿಯಲ್ಲಿ ಸಾಮಾನು ಇಲ್ಲ. ಆ ಹೆಚ್ಚಿನ ದುಡ್ಡನ್ನ ತೆರಿಗೆಯಾಗಿ ತೆಗೆಯದೇ ಇದ್ರೆ ಬೆಲೆ ಆಕಾಶಕ್ಕೆ. ಹಾಗಾದ್ರೆ ಎಷ್ಟು ತೆಗೀಬೇಕು? ಅದನ್ನ ಹೇಳೋಕೆ ಈ ಟೇಬಲ್ ಬೇಕಿತ್ತು. 1940ರ ಡಿಸೆಂಬರ್ ಹೊತ್ತಿಗೆ ಕರಡು ರೆಡಿಯಾಗಿ ಕೇನ್ಸ್ ಕೈಗೆ ಹೋಯ್ತು. ಕೇನ್ಸ್ ಆಗ ಖಜಾನೆಯಲ್ಲಿದ್ದ, ನೋಡಿ ಕುಣಿದಾಡಿಬಿಟ್ಟ. 1941ರ ಏಪ್ರಿಲ್‌ನಲ್ಲಿ ಹಣಕಾಸು ಸಚಿವ ಕಿಂಗ್ಸ್‌ಲಿ ವುಡ್‌ನ ಬಜೆಟ್ ಜೊತೆ ಅದು ಶ್ವೇತಪತ್ರವಾಗಿ ಅಚ್ಚಾಯ್ತು. ಆ ಬಜೆಟ್‌ನಲ್ಲಿ ಆದಾಯ ತೆರಿಗೆಯ ಮೂಲ ದರ ಪೌಂಡಿಗೆ 10 ಶಿಲಿಂಗ್ ಆಯ್ತು, ಅಂದ್ರೆ ಸರಿಯಾಗಿ ಅರ್ಧ. ವಿನಾಯಿತಿ ಮಿತಿ ಇಳಿಸಿದ್ದರಿಂದ ಎಷ್ಟೋ ಕಾರ್ಮಿಕರು ಮೊದಲ ಸಲ ತೆರಿಗೆ ಕಟ್ಟಿದರು. ಅದರಲ್ಲಿ ಸ್ವಲ್ಪ ಭಾಗ ಯುದ್ಧ ಮುಗಿದ ಮೇಲೆ ವಾಪಸ್ ಅಂದರು. ಪೂರ್ತಿ ವಾಪಸ್ ಆಗೋಕೆ 1970ರ ದಶಕ ಬರಬೇಕಾಯ್ತು, ಅದು ಬೇರೆ ಎಪಿಸೋಡ್.

ಅದೇ ವರ್ಷದ ಜನವರಿಯಲ್ಲಿ ಚರ್ಚಿಲ್ ಸರ್ಕಾರ ಕೇಂದ್ರ ಅಂಕಿಅಂಶ ಕಚೇರಿ ಶುರು ಮಾಡಿತ್ತು. ಒಂದೊಂದು ಇಲಾಖೆ ಒಂದೊಂದು ಅಂಕಿ ಹಿಡಿದುಕೊಂಡು ಮೀಟಿಂಗಿಗೆ ಬರೋದು ಅವನಿಗೆ ಸಾಕಾಗಿತ್ತು. ಸ್ಟೋನ್ ಅಲ್ಲೇ ರಾಷ್ಟ್ರೀಯ ಆದಾಯದ ಕೆಲಸ ನೋಡಿಕೊಂಡ. ಈಗಿನ ಬ್ರಿಟನ್ನಿನ ಓಎನ್‌ಎಸ್ ಹುಟ್ಟಿದ್ದು 1996ರಲ್ಲಿ, ಆ ಕಚೇರಿ ಇನ್ನೊಂದರ ಜೊತೆ ಸೇರಿದಾಗ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಮೋಟಿವೇಶನಲ್ ರೀಲ್ ಆಗಿಬಿಡುತ್ತೆ. ನಂಗೆ ಕಾಡೋ ಭಾಗ ಈಗ ಬರೋದು.

ಟ್ರಯಲ್ ಬ್ಯಾಲೆನ್ಸ್ ಹಿಡಿಯದ ತಪ್ಪುಗಳು ಅಂತ ಒಂದು ಚಾಪ್ಟರ್ ಇತ್ತು, ನೆನಪಿದೆಯಾ? ಅದರಲ್ಲಿ ಮೊದಲನೇದು, ವ್ಯವಹಾರವನ್ನ ಪೂರ್ತಿ ಬಿಟ್ಟೇಬಿಡೋದು. ಡೆಬಿಟ್ಟೂ ಬರೆದಿಲ್ಲ, ಕ್ರೆಡಿಟ್ಟೂ ಬರೆದಿಲ್ಲ. ಹಾಗಾಗಿ ಲೆಕ್ಕ ಸೊಗಸಾಗಿ ಟ್ಯಾಲಿ ಆಗುತ್ತೆ. ಸ್ಟೋನ್‌ನ ವಿಧಾನ ಪುಸ್ತಕದಲ್ಲಿರೋ ಅಂಕಿಗಳ ಜಗಳ ಬಿಡಿಸುತ್ತೆ. ಪುಸ್ತಕಕ್ಕೇ ಬಾರದ್ದು ಅಲ್ಲಿ ಜಗಳವನ್ನೇ ಆಡಲ್ಲ.

ಆ ಲೆಡ್ಜರಿನಲ್ಲಿ ಗೃಹಿಣಿಯ ಕೆಲಸಕ್ಕೆ ಕಾಲಂ ಇರಲಿಲ್ಲ. ಮರೆತು ಬಿಟ್ಟಿದ್ದಲ್ಲ. ಯಜಮಾನ ತನ್ನ ಮನೆಕೆಲಸದವಳನ್ನ ಮದುವೆಯಾದರೆ ದೇಶದ ಆದಾಯ ಕಮ್ಮಿಯಾಗುತ್ತೆ ಅಂತ ಕೇಂಬ್ರಿಜ್‌ನ ಪಿಗೂ ಎಷ್ಟೋ ಮುಂಚೆ ತೋರಿಸಿದ್ದ. ಎಲ್ಲರಿಗೂ ಗೊತ್ತಿತ್ತು. ಅಳೆಯೋದು ಕಷ್ಟ ಅಂತ ಬಿಟ್ಟರು.

ಆಗ ಬಂದವಳು ಫಿಲಿಸ್ ಡೀನ್. ಗ್ಲಾಸ್ಗೋದಲ್ಲಿ ಡಿಗ್ರಿ ಮುಗಿಸಿ 1941ರಲ್ಲಿ ಲಂಡನ್ನಿನ ಒಂದು ಆರ್ಥಿಕ ಸಂಶೋಧನಾ ಸಂಸ್ಥೆಗೆ ಸೇರಿದ ಇಪ್ಪತ್ತರ ಹರೆಯದ ಹುಡುಗಿ. ಮೀಡ್-ಸ್ಟೋನ್ ಟೇಬಲ್‌ಗಳನ್ನ ವಸಾಹತುಗಳಿಗೂ ಹೊಂದಿಸಿ ನೋಡು ಅಂತ ಕೆಲಸ ಕೊಟ್ಟರು. ಉತ್ತರ ರೊಡೇಷಿಯಾ, ನ್ಯಾಸಾಲ್ಯಾಂಡ್, ಅಂದ್ರೆ ಇವತ್ತಿನ ಜಾಂಬಿಯಾ ಮತ್ತು ಮಲಾವಿ, ಜೊತೆಗೆ ಜಮೈಕಾ. ಮೊದಲು ಲಂಡನ್ನಿನಲ್ಲೇ ಕೂತು ಕಾಗದದಿಂದ ಮಾಡಿದಳು. 1946ರಲ್ಲಿ ಆಫ್ರಿಕಾಗೇ ಹೊರಟು ಹಳ್ಳಿಗಳಲ್ಲಿ ಓಡಾಡಿದಳು. ಅಲ್ಲಿ ಟೇಬಲ್ ನಿಲ್ಲಲೇ ಇಲ್ಲ. ಬೆಳೆದದ್ದನ್ನ ಮಾರಲ್ಲ, ತಿಂತಾರೆ. ಹೆಂಗಸರು ಸೌದೆ ತರ್ತಾರೆ, ಕಾಳು ಕುಟ್ತಾರೆ, ಅಡುಗೆ ಮಾಡ್ತಾರೆ. ಒಂದು ಪೈಸೆ ಕೈ ಬದಲಾಗಲ್ಲ. ಹಳ್ಳಿಯ ಹೆಂಗಸರು ಆಹಾರ ಕೂಡಿಸಿ, ಹಸನು ಮಾಡಿ, ಬೇಯಿಸೋ ಕೆಲಸವನ್ನ ಹೊರಗಿಟ್ಟು ಆದಾಯ ಲೆಕ್ಕ ಹಾಕೋದು ತರ್ಕಕ್ಕೆ ಕೂರಲ್ಲ ಅಂತ ಡೀನ್ ವಾದಿಸಿದಳು. ಅವಳದ್ದು ಎಂಟ್ರಿ ಲೆವೆಲ್ ಕೆಲಸ. ಆದರೆ ಪುಸ್ತಕಕ್ಕೆ ಬಾರದ್ದನ್ನ ನೋಡಬೇಕಾದ್ರೆ ಹಳ್ಳಿಗೆ ಹೋಗಲೇಬೇಕಿತ್ತು, ಹೋದದ್ದು ಅವಳು.

ನಮ್ಮ ದೇಶಕ್ಕೂ ಇದೇ ತಲೆನೋವು ಬಂತು. 1949ರ ರಾಷ್ಟ್ರೀಯ ಆದಾಯ ಸಮಿತಿಗೆ ಮಹಾಲನೋಬಿಸ್ ಅಧ್ಯಕ್ಷರು, ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. ಹೊರಗಿನ ಸಲಹೆಗಾರರಲ್ಲಿ ಒಬ್ಬ ನಮ್ಮ ಸ್ಟೋನ್. ರಾವ್ ಅವರೂ ಕೇಂಬ್ರಿಜ್‌ನಲ್ಲಿ ಭಾರತದ ಆದಾಯದ ಮೇಲೇ ಪಿಎಚ್‌ಡಿ ಮಾಡಿದವರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದರು. ನಾಗರಬಾವಿ ಕಡೆ ಓಡಾಡೋರಿಗೆ ಆ ಗೇಟ್ ಗೊತ್ತಿರುತ್ತೆ. ಮನೆಯಲ್ಲೇ ಬೆಳೆದು ಮನೆಯಲ್ಲೇ ತಿಂದ ರಾಗಿ, ಭತ್ತಕ್ಕೆ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸಿದರು. ಅದನ್ನ ಬೇಯಿಸಿದ ಕೈಗೆ ಬೆಲೆ ಕಟ್ಟಲಿಲ್ಲ.

1953ರಲ್ಲಿ ಎರಡು ಪುಸ್ತಕ ಬಂದವು. ಒಂದು ಸ್ಟೋನ್ ನೇತೃತ್ವದ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಗಳ ಪದ್ಧತಿ, ಎಲ್ಲ ದೇಶಗಳೂ ಅನುಸರಿಸಲಿ ಅಂತ. ಇನ್ನೊಂದು ಡೀನ್‌ಳ ವಸಾಹತು ಲೆಕ್ಕಗಳ ಪುಸ್ತಕ. ತಮಾಷೆ ಅಂದ್ರೆ ಅಷ್ಟು ಹೊತ್ತಿಗೆ ಅವಳು ಕೆಲಸ ಮಾಡ್ತಾ ಇದ್ದದ್ದು ಕೇಂಬ್ರಿಜ್‌ನಲ್ಲಿ, ಸ್ಟೋನ್ ನಡೆಸ್ತಾ ಇದ್ದ ವಿಭಾಗದಲ್ಲೇ. ಮೊದಲ ಪುಸ್ತಕ ಪ್ರಪಂಚದ ನಿಯಮ ಆಯ್ತು. ಮನೆ ಅಡುಗೆ, ಮನೆಕೆಲಸ ಅದರಿಂದ ಹೊರಗೇ ಉಳೀತು. 1984ರಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕೇ, ಸರ್ ರಿಚರ್ಡ್ ಸ್ಟೋನ್ ಅವರಿಗೆ. ಬಹುವಚನ ಕೊಟ್ಟೆ.

ನಮ್ಮ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಕೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡ್ತಾ ಇದ್ದರು, ಅದನ್ನ ಮಾಡೋ ಗಂಡಸರು 97 ನಿಮಿಷ. ಅಂಕಿ ಇದೆ, ಜಿಡಿಪಿಯಲ್ಲಿ ಇಲ್ಲ. ಜಿಡಿಪಿ ಪಿಡಿಎಫ್‌ನ ಖರ್ಚಿನ ಟೇಬಲಲ್ಲಿ ‘ವ್ಯತ್ಯಾಸಗಳು’ ಅಂತ ಒಂದು ಸಾಲು ಇರುತ್ತೆ, ಟ್ಯಾಲಿ ಆಗದ ದುಡ್ಡು ಅಲ್ಲಿ ಕಾಣುತ್ತೆ. ಆ 299 ನಿಮಿಷ ಅಲ್ಲೂ ಸಿಗಲ್ಲ.

ಗೆಳತಿಗೆ ಇಷ್ಟೂ ಹೇಳಿದೆ. ನಾಲ್ಕು ದಿನ ಬಿಟ್ಟು ಮೆಸೇಜ್ ಹಾಕಿದಳು, ಟೋಟಲ್ ಮ್ಯಾಚ್ ಆಯ್ತಂತೆ. ಒಂದು ತಾಲ್ಲೂಕು ಎರಡು ಸಲ ಎಂಟ್ರಿ ಆಗಿತ್ತಂತೆ. ಮುಂದಿನ ವಾರ ಅವಳಿಗೆ ಮೊದಲ ಫೀಲ್ಡ್ ವಿಸಿಟ್. ಬಂದ ಮೇಲೆ ಮೈಕ್ ಮುಂದೆ ಕೂರಿಸ್ತೀನಿ.