ಲಿನಕ್ಸ್ ಗಣಕಕ್ಕೆ ಎಸ್‌ಎಸ್‌ಡಿ: ಕೊಳ್ಳುವ ಮುನ್ನ, ಜೋಡಿಸಿದ ನಂತರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಹಳೆಯ ಗಣಕಗಳನ್ನು ಮೂಲೆಗೆ ಸರಿಸುವ ಬದಲು ಅವುಗಳಲ್ಲಿ ಲಿನಕ್ಸ್ ಅಳವಡಿಸಿಕೊಳ್ಳುವುದು ಒಂದು ದಾರಿ. ಇಂತಹ ಗಣಕಗಳು ತೆವಳಲು ಬಹುಮಟ್ಟಿಗೆ ಕಾರಣ ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ ಕೂರಿಸಿದರೆ ವ್ಯತ್ಯಾಸ ಮೊದಲ ಬಾರಿ ಗಣಕ ಆರಂಭಿಸಿದಾಗಲೇ ಅರಿವಿಗೆ ಬರುತ್ತದೆ. ಆದರೆ ಕಡತಗಳನ್ನು ಅಳಿಸುವ ವಿಷಯದಲ್ಲಿ ಎಸ್‌ಎಸ್‌ಡಿಯ ನಡವಳಿಕೆ ಹಾರ್ಡ್ ಡಿಸ್ಕ್‌ಗಿಂತ ತೀರಾ ಭಿನ್ನ. ಇದನ್ನು ಅರಿಯದವರು ಕಡತಗಳನ್ನು ಶಾಶ್ವತವಾಗಿ ಕಳೆದುಕೊಳ್ಳುವ ಅಪಾಯವಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳತ್ತ ಹೊರಡುವ ಮೊದಲು ತಮ್ಮ ಗಣಕ ಯಾವ ಬಗೆಯ ಡ್ರೈವ್ ಸ್ವೀಕರಿಸುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 2.5 ಇಂಚಿನ ಸಾಟಾ ಡ್ರೈವ್. ಇದರ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ಸೀಮಿತ. ಎಂ.2 ಎಂಬ ಚಪ್ಪಟೆ ಪಟ್ಟಿಯ ಡ್ರೈವ್‌ಗಳ ಮೇಲೆ 2280 ಎಂದು ನಮೂದಿಸಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದರ್ಥ. ಖರೀದಿದಾರರು ಎಡವುವುದು ಇಲ್ಲಿಯೇ. ನೋಡಲು ಒಂದೇ ತೆರನಾದ ಎಂ.2 ಪಟ್ಟಿಗಳಲ್ಲಿ ಕೆಲವು ಸಾಟಾ, ಕೆಲವು ಎನ್‌ವಿಎಂಇ. ಸಾಟಾ ಮಾತ್ರ ಬಲ್ಲ ಕಿಂಡಿಗೆ ಎನ್‌ವಿಎಂಇ ಡ್ರೈವ್ ತುರುಕಿದರೆ ಗಣಕ ಅದನ್ನು ಗುರುತಿಸುವುದೇ ಇಲ್ಲ. ಲಿನಕ್ಸ್ ಕರ್ನೆಲ್ 2012ರ 3.3 ಆವೃತ್ತಿಯಿಂದಲೇ ಎನ್‌ವಿಎಂಇ ಬೆಂಬಲಿಸುತ್ತಿದೆಯಾದರೂ, ಹಳೆಯ ಬಯಾಸ್‌ಗಳು ಅದರಿಂದ ಗಣಕವನ್ನು ಆರಂಭಿಸಲಾರವು. ಹತ್ತು ವರ್ಷದ ಯಂತ್ರಕ್ಕೆ ಸಾಟಾ ಡ್ರೈವ್ ಧಾರಾಳವಾಗಿ ಸಾಕು. ಸೆಕೆಂಡಿಗೆ 7,000 ಎಂಬಿ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ.

ಬಾಳಿಕೆಯ ಕುರಿತ ಆತಂಕವೂ ಅತಿಯಾದದ್ದೇ. ತಯಾರಕರು ಖಾತರಿ ನೀಡುವ ಒಟ್ಟು ಬರವಣಿಗೆಯ ಪ್ರಮಾಣಕ್ಕೆ ಟಿಬಿಡಬ್ಲ್ಯು ಎಂದು ಹೆಸರು. ಸ್ಯಾಮ್‌ಸಂಗ್ 870 ಇವೊದ 500 ಜಿಬಿ ಡ್ರೈವ್‌ಗೆ ಇದು 300 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ ಆಗುತ್ತದೆ. ಆ ಲೆಕ್ಕದಲ್ಲಿ ಮಿತಿ ಮುಟ್ಟಲು 40 ವರ್ಷ ದಾಟಬೇಕು. ಒಂದೊಂದು ಕೋಶದಲ್ಲಿ ಮೂರು ಬಿಟ್ ಹಿಡಿಸುವ ಟಿಎಲ್‌ಸಿ ಬದಲು ನಾಲ್ಕು ಬಿಟ್ ಹಿಡಿಸುವ ಕ್ಯೂಎಲ್‌ಸಿ ಕೊಂಡರೆ ಈ ಅಂಕಿ ಇಳಿಯುತ್ತದೆ. ಅದೇ ಸಂಸ್ಥೆಯ 1 ಟಿಬಿ ಡ್ರೈವ್‌ಗಳಲ್ಲಿ 870 ಇವೊಗೆ 600 ಟಿಬಿಯಾದರೆ ಕ್ಯೂಎಲ್‌ಸಿ ಮಾದರಿಯಾದ 870 ಕ್ಯೂವಿಒಗೆ 360 ಟಿಬಿ. ದೊಡ್ಡ ಕಡತಗಳನ್ನು ಒಮ್ಮೆಲೇ ನಕಲಿಸುವಾಗ ಕ್ಯೂಎಲ್‌ಸಿ ಬಳಲುವುದೂ ಹೆಚ್ಚು. ಹೀಗಾಗಿ ಬೆಲೆಯ ಅಂತರ ಸ್ವಲ್ಪವೇ ಇದ್ದಾಗ ಟಿಎಲ್‌ಸಿ ಆಯ್ಕೆಯೇ ಜಾಣತನ. ಸ್ವಾಪ್ ಇಟ್ಟರೆ ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಎಂಬ ಹಳೆಯ ಸಲಹೆಯನ್ನು ಮರೆಯಬಹುದು.

ಲಿನಕ್ಸ್ ಅಳವಡಿಸುವಾಗ ಡ್ರೈವ್ ಕಾಣಿಸದೇ ಹೋದರೆ ಅಂಗಡಿಯವನನ್ನು ದೂರುವ ಮುನ್ನ ಬಯಾಸ್ ನೋಡಬೇಕು. ಇಂಟೆಲ್‌ನ ಆರ್‌ಎಸ್‌ಟಿ ಸ್ಥಿತಿಯಲ್ಲಿರುವ ಗಣಕಗಳಲ್ಲಿ ಡ್ರೈವ್ ಲಿನಕ್ಸ್‌ಗೆ ಮರೆಯಾಗಿರುವುದುಂಟು. ಅದನ್ನು ಎಎಚ್‌ಸಿಐಗೆ ಬದಲಿಸಿದರೆ ಸಮಸ್ಯೆ ಪರಿಹಾರ. ಆದರೆ ಅದೇ ಗಣಕದಲ್ಲಿ ವಿಂಡೋಸ್ ಕೂಡ ಇದ್ದರೆ ಈ ಬದಲಾವಣೆಯಿಂದ ಅದು ಆರಂಭವಾಗದೇ ಇರಬಹುದು.

ಇನ್ನು ಮುಖ್ಯ ವಿಷಯ, ಟ್ರಿಮ್. ಫ್ಲಾಶ್ ಸ್ಮೃತಿಯಲ್ಲಿ ಇದ್ದದ್ದರ ಮೇಲೆಯೇ ಮತ್ತೆ ಬರೆಯಲಾಗದು. ಬರೆಯುವುದು ಕೆಲವೇ ಕೆಬಿ ಗಾತ್ರದ ಪುಟಗಳಲ್ಲಿ, ಅಳಿಸುವುದು ಅಂತಹ ನೂರಾರು ಪುಟಗಳ ಇಡೀ ಬ್ಲಾಕನ್ನು. ಬಳಕೆದಾರ ಕಡತ ಅಳಿಸಿದಾಗ ಕಡತ ವ್ಯವಸ್ಥೆ ತನ್ನ ಪಟ್ಟಿಯಲ್ಲಷ್ಟೇ ಗುರುತು ಹಾಕಿಕೊಳ್ಳುತ್ತದೆ. ಡ್ರೈವ್‌ಗೆ ಅದರ ಸುಳಿವಿರುವುದಿಲ್ಲ. ಬಾಡಿಗೆದಾರ ಮನೆ ಖಾಲಿ ಮಾಡಿಯೂ ಮಾಲೀಕನಿಗೆ ತಿಳಿಸದಂತೆ. ಬೇಡವಾದ ದತ್ತಾಂಶವನ್ನೂ ಡ್ರೈವ್ ಅತ್ತಿಂದಿತ್ತ ಹೊತ್ತು ತಿರುಗುತ್ತದೆ, ನಿಧಾನವಾಗುತ್ತದೆ, ಸವೆಯುತ್ತದೆ. ಖಾಲಿಯಾದ ಜಾಗವನ್ನು ಡ್ರೈವ್‌ಗೆ ತಿಳಿಸುವ ಆಜ್ಞೆಯೇ ಟ್ರಿಮ್.

ಸಾಟಾ ಡ್ರೈವ್‌ಗಳಿಗೆ ಈ ಸೌಲಭ್ಯ ಲಿನಕ್ಸ್‌ನಲ್ಲಿ ಬಂದದ್ದು 2010ರ 2.6.33 ಕರ್ನೆಲ್‌ನೊಂದಿಗೆ. ಉಬುಂಟು 14.04ರಿಂದ ವಾರಕ್ಕೊಮ್ಮೆ ತಾನಾಗಿ ಟ್ರಿಮ್ ನಡೆಯುತ್ತಿದೆ. ಫೆಡೋರಾದಲ್ಲಿ 2020ರ 32ನೇ ಆವೃತ್ತಿಯಿಂದ ಎಫ್‌ಎಸ್‌ಟ್ರಿಮ್ ಟೈಮರ್ ಸಕ್ರಿಯವಾಗಿಯೇ ಬರುತ್ತದೆ. ಟೈಮರ್ ಚಾಲನೆಯಲ್ಲಿದೆಯೇ ಎಂಬುದನ್ನು ಸಿಸ್ಟಮ್‌ಸಿಟಿಎಲ್ ಆಜ್ಞೆಯಿಂದ ತಿಳಿಯಬಹುದು. ಎಲ್‌ಎಸ್‌ಬಿಎಲ್‌ಕೆ ಆಜ್ಞೆಯನ್ನು ಡಿಸ್ಕಾರ್ಡ್ ಆಯ್ಕೆಯೊಂದಿಗೆ ನೀಡಿದಾಗ ಡ್ರೈವ್‌ನ ಡಿಸ್ಕಾರ್ಡ್ ಅಂಕಣಗಳಲ್ಲಿ ಸೊನ್ನೆ ಕಂಡರೆ ಟ್ರಿಮ್ ಅಲ್ಲಿಗೆ ತಲುಪುತ್ತಿಲ್ಲ ಎಂದರ್ಥ. ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟ ಡ್ರೈವ್‌ಗಳಲ್ಲಿ ಇದು ಅಪರೂಪವಲ್ಲ.

ಟ್ರಿಮ್‌ನಿಂದಲೇ ಪೇಚಿಗೆ ಸಿಲುಕಿದ ಪ್ರಸಂಗವೂ ಉಂಟು. 2015ರಲ್ಲಿ ಅಲ್ಗೋಲಿಯಾ ಎಂಬ ಶೋಧ ಸೇವಾ ಸಂಸ್ಥೆಯ ಸರ್ವರ್‌ಗಳಲ್ಲಿ ಕಡತಗಳ ನಡುವೆ ಬರೀ ಸೊನ್ನೆಗಳು ಕಾಣಿಸಿಕೊಂಡವು. ಆರಂಭದಲ್ಲಿ ಸಂಶಯ ಸ್ಯಾಮ್‌ಸಂಗ್ ಡ್ರೈವ್‌ಗಳ ಮೇಲೆ ಬಿತ್ತು. ಕೊನೆಗೆ ಸ್ಯಾಮ್‌ಸಂಗ್ ಎಂಜಿನಿಯರುಗಳು ಪತ್ತೆ ಹಚ್ಚಿದ ದೋಷ ಇದ್ದದ್ದು ಲಿನಕ್ಸ್ ಕರ್ನೆಲ್‌ನಲ್ಲೇ, ರೈಡ್ ವ್ಯವಸ್ಥೆ ಟ್ರಿಮ್ ನಿರ್ವಹಿಸುವ ಭಾಗದಲ್ಲಿ! ಅದನ್ನು ಆಗಲೇ ಸರಿಪಡಿಸಲಾಯಿತು.

ಸಾಮಾನ್ಯ ಬಳಕೆದಾರನಿಗೆ ಇದಕ್ಕಿಂತ ಹತ್ತಿರದ ಸಂಗತಿ ಬೇರೆ. ಹಾರ್ಡ್ ಡಿಸ್ಕ್‌ನಲ್ಲಿ ಕೈತಪ್ಪಿ ಅಳಿಸಿದ ಮದುವೆ ಫೋಟೋಗಳನ್ನು ಫೋಟೋರೆಕ್‌ನಂತಹ ತಂತ್ರಾಂಶದಿಂದ ಮರಳಿ ಪಡೆಯುವ ಅವಕಾಶವಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ನಡೆದ ಮೇಲೆ ಅಂತಹ ತಂತ್ರಾಂಶಕ್ಕೆ ಸಿಗುವುದು ಸಾಮಾನ್ಯವಾಗಿ ಬರೀ ಸೊನ್ನೆ. ವಾರದ ಟೈಮರ್ ಸಾಮಾನ್ಯವಾಗಿ ಸೋಮವಾರ ಚಾಲನೆಗೊಳ್ಳುತ್ತದೆ; ಆ ದಿನ ಗಣಕ ಮುಚ್ಚಿದ್ದರೆ ಮುಂದೆ ಆರಂಭಿಸಿದಾಗ. ಆದ್ದರಿಂದ ತಪ್ಪು ಅರಿವಾದ ಕೂಡಲೇ ಗಣಕ ನಿಲ್ಲಿಸಿ, ಬೇರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಆರಂಭಿಸಿ ಹುಡುಕಿದರೆ ಒಂದಿಷ್ಟು ಆಸೆ ಇಟ್ಟುಕೊಳ್ಳಬಹುದು. ಅಳಿಸಿದ ಕ್ಷಣವೇ ಟ್ರಿಮ್ ಕಳುಹಿಸುವ ಡಿಸ್ಕಾರ್ಡ್ ಆಯ್ಕೆಗಿಂತ ವಾರದ ಟೈಮರ್ ಮೇಲೆನ್ನಲು ಇದೂ ಒಂದು ಕಾರಣ. ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆ ಬಳಸುವವರಿಗೆ ಈ ಬಿಡುವೂ ಇಲ್ಲ: 2023ರ 6.2 ಕರ್ನೆಲ್‌ನಿಂದ ಅದು ಹಿನ್ನೆಲೆಯಲ್ಲಿ ತಾನಾಗಿಯೇ ಟ್ರಿಮ್ ಕಳುಹಿಸುತ್ತಿರುತ್ತದೆ.

ಹಾಗೆಂದು ಡ್ರೈವ್ ಮಾರುವಾಗ ಕಡತಗಳನ್ನು ಅಳಿಸಿದರೆ ಸಾಕೆಂದು ಭಾವಿಸುವಂತಿಲ್ಲ. ಬರೆದದ್ದನ್ನು ಡ್ರೈವ್ ಎಲ್ಲಿಡುತ್ತದೆ ಎಂಬುದು ಅದಕ್ಕೇ ಗೊತ್ತು. ಹಾರ್ಡ್ ಡಿಸ್ಕ್ ಕಾಲದ ಶ್ರೆಡ್ ತಂತ್ರಾಂಶ ಇಲ್ಲಿ ನಂಬಲರ್ಹವಲ್ಲ. ಡ್ರೈವ್‌ನದೇ ಸುರಕ್ಷಿತ ಅಳಿಸುವಿಕೆಯ ಆಜ್ಞೆ ಬಳಸಬೇಕು. ಮೊದಲಿನಿಂದಲೂ ಲಕ್ಸ್ ಗೂಢಲಿಪೀಕರಣದಲ್ಲಿ ಇಟ್ಟಿದ್ದರೆ ಚಿಂತೆ ಇನ್ನೂ ಕಡಿಮೆ. ಆದರೆ ಲಕ್ಸ್ ತಾನಾಗಿ ಟ್ರಿಮ್ ಅನ್ನು ಒಳಕ್ಕೆ ಬಿಡುವುದಿಲ್ಲ. ಬಿಟ್ಟರೆ ಎಷ್ಟು ಜಾಗ ಖಾಲಿ ಇದೆ ಎಂಬುದು ಹೊರಗಿನವರಿಗೆ ತಿಳಿಯುತ್ತದೆ. ಮನೆಯ ಗಣಕದಲ್ಲಿ ಇದು ದೊಡ್ಡ ಗುಟ್ಟೇನಲ್ಲ.

ಹಾರ್ಡ್ ಡಿಸ್ಕ್ ಕೆಡುವ ಮುನ್ನ ಹಲವೊಮ್ಮೆ ಕಟಕಟ ಸದ್ದು ಮಾಡಿ ಎಚ್ಚರಿಸುತ್ತಿತ್ತು. ಎಸ್‌ಎಸ್‌ಡಿ ಸದ್ದಿಲ್ಲದೆ ನಿಂತುಬಿಡಬಲ್ಲದು. ಸ್ಮಾರ್ಟ್‌ಸಿಟಿಎಲ್ ತಂತ್ರಾಂಶ ಸವೆತದ ಪ್ರಮಾಣ ತೋರಿಸುತ್ತದೆಯಾದರೂ ನಿಯಂತ್ರಕ ಚಿಪ್ ಕೈಕೊಡುವ ದಿನವನ್ನು ಹೇಳಲಾರದು. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆ ಡ್ರೈವ್‌ನಲ್ಲಿ ಇರಲೇಬೇಕು. ಆ ಪ್ರತಿಗೆ ಹಳೆಯ, ಚೆನ್ನಾಗಿ ತಿರುಗುವ ಹಾರ್ಡ್ ಡಿಸ್ಕ್ ಆದೀತು. ಜೆಡೆಕ್ ಮಾನದಂಡದ ಪ್ರಕಾರ, ಬಾಳಿಕೆಯ ಮಿತಿ ಮುಟ್ಟಿದ ಗೃಹಬಳಕೆಯ ಎಸ್‌ಎಸ್‌ಡಿಯೊಂದು ವಿದ್ಯುತ್ ಇಲ್ಲದೆ, 30 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ, ದತ್ತಾಂಶ ಉಳಿಸಿಕೊಳ್ಳಬೇಕಾದದ್ದು ಒಂದೇ ವರ್ಷ. ಸವೆಯದ ಡ್ರೈವ್ ಹೆಚ್ಚು ಕಾಲ ತಾಳುತ್ತದೆ. ಆದರೂ ಅದನ್ನು ಬೀರುವಿನಲ್ಲಿಟ್ಟು ಮರೆಯುವಂತಿಲ್ಲ. ಆಗಾಗ ಗಣಕಕ್ಕೆ ಜೋಡಿಸಿ, ಕಡತಗಳು ತೆರೆದುಕೊಳ್ಳುತ್ತಿವೆಯೇ ಎಂದು ನೋಡುತ್ತಿರಬೇಕು.