ಬರೆದಿಟ್ಟ ನ್ಯಾಯ: ರೋಮಿನ ಫಲಕಗಳು, ಬೆಳ್ಗೊಳದ ಶಿಲೆ

ಧರ್ಮವು ಮೊದಲು ಮನಸ್ಸಿನಲ್ಲಿ ನೆಲೆಗೊಳ್ಳಬೇಕೆಂಬುದು ನಿಜ. ಆದರೆ ಕೆಲವೇ ಬಲ್ಲವರ ನೆನಪಿನಲ್ಲಿ ಉಳಿದ ಕಟ್ಟಳೆಯು ಬಲವಿಲ್ಲದವನಿಗೆ ಆಸರೆಯಾಗಲಾರದು. ಅದನ್ನು ಬರೆದು ಎಲ್ಲರೂ ಕಾಣುವಂತೆ ನಿಲ್ಲಿಸಿದಾಗಲೇ ಸಾಮಾನ್ಯನು ಅದರತ್ತ ಕೈಮಾಡಿ ತನ್ನ ಹಕ್ಕನ್ನು ಕೇಳಬಲ್ಲನು.

ರೋಮ್ ಗಣರಾಜ್ಯದ ಆರಂಭಕಾಲದಲ್ಲಿ ನ್ಯಾಯದ ನಿಯಮಗಳು ಪೆಟ್ರೀಷಿಯನ್ನರೆಂಬ ಕುಲೀನ ವರ್ಗದ ಅಧಿಕಾರಿಗಳ ಹಾಗೂ ಪುರೋಹಿತರ ವಶದಲ್ಲಿದ್ದವು. ಪ್ಲೀಬಿಯನ್ನರೆಂಬ ಸಾಮಾನ್ಯ ಪ್ರಜೆಗಳ ಒತ್ತಾಯದಿಂದ ಕ್ರಿ.ಪೂ. 451-450ರಲ್ಲಿ ಅವು ಹನ್ನೆರಡು ಫಲಕಗಳಾಗಿ ಬರೆಯಲ್ಪಟ್ಟು ನಗರದ ಸಾರ್ವಜನಿಕ ಚೌಕದಲ್ಲಿ ನಿಂತವು. ತೀರ್ಪಾದ ಸಾಲವನ್ನು ತೀರಿಸಲು ಸಾಲಗಾರನಿಗೆ 30 ದಿನಗಳ ಅವಧಿ ದೊರೆಯಿತು. ಆ ಶಾಸನದಲ್ಲಿ ಕ್ರೌರ್ಯವೂ ಇತ್ತು. ಅವಧಿ ಮೀರಿದ ಸಾಲಗಾರನನ್ನು ಬಂಧಿಸಿ ಮಾರುವ ಅವಕಾಶವಿತ್ತು. ಎರಡು ವರ್ಗಗಳ ನಡುವೆ ವಿವಾಹಕ್ಕೆ ನಿಷೇಧವೂ ಇತ್ತು. ಆದರೆ ಬರೆದ ಅನ್ಯಾಯವನ್ನು ಬೆರಳಿಟ್ಟು ತೋರಿಸಬಹುದು. ಕ್ರಿ.ಪೂ. 445ರಲ್ಲಿಯೇ ಕ್ಯಾನುಲಿಯಸ್ ಎಂಬ ಜನಪ್ರತಿನಿಧಿಯ ಪ್ರಯತ್ನದಿಂದ ಆ ವಿವಾಹನಿಷೇಧವು ರದ್ದಾಯಿತು.

ನಮ್ಮ ನಾಡಿನಲ್ಲಿಯೂ ಇಂತಹ ಬರಹಗಳಿವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಶ್ರಾವಕರಿಗೆ ಖಾನಾಪುರ ತಾಲ್ಲೂಕಿನ ಹಲಸಿ ಬಹು ದೂರದ್ದಲ್ಲ. ಕದಂಬರ ಕಾಲದಲ್ಲಿ ಪಲಾಶಿಕಾ ಎನಿಸಿದ್ದ ಆ ಊರಿನಲ್ಲಿ ಮೃಗೇಶವರ್ಮನು ತಂದೆಯ ಪುಣ್ಯಸ್ಮರಣೆಗಾಗಿ ಜಿನಾಲಯವನ್ನು ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕರಿಗೆ ತಾಮ್ರಪಟದ ಮೂಲಕ ದಾನವಿತ್ತನು. ಅವನ ಮಗ ರವಿವರ್ಮನ ಶಾಸನವು ವರ್ಷವರ್ಷವೂ ಕಾರ್ತಿಕದಲ್ಲಿ 8 ದಿನ ಜಿನಮಹಿಮೋತ್ಸವ ನಡೆಯಬೇಕೆಂದೂ, ಮಳೆಗಾಲದ 4 ತಿಂಗಳು ಮುನಿಗಳಿಗೆ ಆಹಾರ ಸಲ್ಲಬೇಕೆಂದೂ ವಿಧಿಸುತ್ತದೆ. ಕೊಟ್ಟ ದೊರೆಯು ಗತಿಸಿದರೂ ಕೊಡುಗೆಯು ನಿಲ್ಲಬಾರದೆಂಬ ಎಚ್ಚರವನ್ನು ಇಲ್ಲಿ ಕಾಣಬಹುದಾಗಿದೆ.

ಇದಕ್ಕಿಂತಲೂ ಗಮನಾರ್ಹವಾದುದು ಶ್ರವಣಬೆಳ್ಗೊಳದ ಭಂಡಾರಿ ಬಸದಿಯ 1368ರ ಶಿಲಾಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾಗಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು.

ಕೈಹಿಡಿಸಿದ್ದರಿಂದಲೇ ಕಾರ್ಯವು ಮುಗಿಯಿತೆಂದು ಅರಸನು ಭಾವಿಸಲಿಲ್ಲ. ಪಂಚಮಹಾವಾದ್ಯ ಮತ್ತು ಕಲಶಗಳು ಜೈನರಿಗೆ ಸಲ್ಲತಕ್ಕವೆಂದು ಹಕ್ಕನ್ನು ಹೆಸರಿಸಿ ಬರೆಸಿದನು. ಈ ಶಾಸನವನ್ನು ಬಸದಿಗಳಲ್ಲಿ ನಿಲ್ಲಿಸುವ ಹೊಣೆಯು ವೈಷ್ಣವರ ಮೇಲೆಯೇ ಬಿದ್ದಿತು. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳ್ಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದುದನ್ನು ಜೀರ್ಣ ಜಿನಾಲಯಗಳಿಗೆ ವಿನಿಯೋಗಿಸಬೇಕು. ಮೀರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಹೀಗೆ ಹಕ್ಕು, ಹಣ, ಹೊಣೆಗಾರ, ದಂಡನೆ ನಾಲ್ಕೂ ಒಂದೇ ಶಿಲೆಯಲ್ಲಿ ಸೇರಿವೆ. ಮುಂದೆ ಕಲ್ಲೇಹದ ಬುಸುವಿ ಸೆಟ್ಟಿಯು ಮತ್ತೆ ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಬರಹವಿದ್ದರೂ ಅದನ್ನು ಕಾಯುವವರು ಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಇಂದಿನ ಬಸದಿಗಳ ಆಡಳಿತ ಮಂಡಳಿಗಳು ಇದನ್ನು ಮನನ ಮಾಡಬೇಕು. ಹಿರಿಯರ ಬಾಯಿಮಾತಿನ ಮೇಲೆ ನಿಂತ ದಾನದ ಗದ್ದೆಯು ಮೂರನೆಯ ತಲೆಮಾರಿಗೆ ಯಾರದೆಂದು ತಿಳಿಯದೆ ಹೋಗಬಹುದು. ತಿಳಿಯದೆ ಅನುಭವಿಸಿದರೂ ಅದು ದೇವರ ಸೊತ್ತೇ. ಆದುದರಿಂದ ದಾನಪತ್ರಗಳ ಪ್ರತಿಗಳನ್ನು ಎರಡು ಕಡೆ ಇರಿಸುವುದು, ವರ್ಷದ ಜಮಾ-ಖರ್ಚನ್ನು ಬಸದಿಯ ಗೋಡೆಗೆ ಹಚ್ಚುವುದು, ಪೂಜೆಯ ಸರದಿ ಹಾಗೂ ಸಮುದಾಯ ಭವನದ ನಿಯಮಗಳನ್ನು ತಿಳಿಗನ್ನಡದಲ್ಲಿ ಬರೆಸುವುದು ಅಚೌರ್ಯವ್ರತದ ಪಾಲನೆಗೆ ನೆರವಾಗುತ್ತವೆ. ಮಂಡಳಿಯಲ್ಲಿ ಪರಿಚಯಸ್ಥರಿಲ್ಲದ ಬಡ ಶ್ರಾವಕಿಯೂ ಅದನ್ನು ಓದಿ, ಯಾರ ಹಂಗೂ ಇಲ್ಲದೆ ತನ್ನ ಸರದಿಯನ್ನು ಕೇಳುವಂತಾಗಲಿ.